ರಾತ್ರಿ ಊಟ ಬೇಗ ಮುಗಿಸುವುದು ಹೇಗೆ? ನಿದ್ದೆ, ಅಸಿಡಿಟಿ, ಶುಗರ್ ಬಗ್ಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ರಾತ್ರಿ ಊಟದ ಹೊತ್ತನ್ನು ಹೊಟ್ಟೆ ನಿರ್ಧರಿಸುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಮಕ್ಕಳ ಟ್ಯೂಷನ್ನು, ಒಂಬತ್ತು ಗಂಟೆಯ ಧಾರಾವಾಹಿ ನಿರ್ಧರಿಸುತ್ತವೆ. ಒಂಬತ್ತೂವರೆಗೆ ತಟ್ಟೆ, ಹತ್ತೂವರೆಗೆ ಹಾಸಿಗೆ, ಹನ್ನೆರಡಕ್ಕೆ ಹುಳಿ ತೇಗು. ಡಾಕ್ಟರ ಹತ್ತಿರ ಹೋದರೆ "ರಾತ್ರಿ ಬೇಗ ಊಟ ಮಾಡಿ" ಅನ್ನುತ್ತಾರೆ, ಒಂದು ಮಾತ್ರೆ ಬರೆದುಕೊಡುತ್ತಾರೆ. ಎಂಟೂವರೆಗೆ ಮನೆ ಸೇರುವವರು ಬೇಗ ಊಟ ಮಾಡೋದಾದರೂ ಹೇಗೆ ಅಂತ ಯಾರೂ ಹೇಳುವುದಿಲ್ಲ.

ಇಲ್ಲಿ ಅದನ್ನೇ ನೋಡೋಣ. ಊಟ ತಡವಾಗುವುದಕ್ಕೆ ಕಾರಣ ಹುಡುಕಬೇಕಾದದ್ದು ರಾತ್ರಿ ಒಂಬತ್ತಕ್ಕಲ್ಲ, ಸಂಜೆ ಐದಕ್ಕೆ. "ನಾಳೆಯಿಂದ ಏಳಕ್ಕೇ ಊಟ" ಅಂತ ಸೋಮವಾರ ಹಟ ಹಿಡಿದವರು ಗುರುವಾರದ ಹೊತ್ತಿಗೆ ಬಿಟ್ಟಿರುತ್ತಾರೆ. ಸಂಜೆಯನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಒಳಗೆ ಏನಾಗುತ್ತದೆ?

ನಮ್ಮ ಮೆದುಳಿನಲ್ಲಿ ಬೆಳಕು ನೋಡಿ ಸಮಯ ತಿಳಿಯುವ ಒಂದು ದೊಡ್ಡ ಗಡಿಯಾರ ಇದೆ. ಲಿವರ್, ಮೇದೋಜೀರಕ ಗ್ರಂಥಿ, ಕರುಳು ಇವಕ್ಕೂ ಒಂದೊಂದು ಚಿಕ್ಕ ಗಡಿಯಾರ ಇದೆ. ಅವು ಹೆಚ್ಚಾಗಿ ಊಟದ ಹೊತ್ತನ್ನು ನೋಡಿ ನಡೆಯುತ್ತವೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಕತ್ತಲಾಗಿ ಮೆದುಳು "ಮಲಗು" ಅನ್ನುತ್ತಿರುವಾಗ ತಟ್ಟೆ ತುಂಬಾ ಅನ್ನ ಬಂದರೆ, ಲಿವರ್‌ಗೆ "ಇನ್ನೂ ಹಗಲು" ಅನ್ನುವ ಸುದ್ದಿ ಹೋಗುತ್ತದೆ. ಎರಡೂ ಗಡಿಯಾರಗಳ ತಾಳ ತಪ್ಪುತ್ತದೆ.

ಮಲಗುವ ಹೊತ್ತು ಹತ್ತಿರವಾದಂತೆ ರಕ್ತದಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಏರುತ್ತದೆ. ಇದು ನಿದ್ದೆಗೆ ಬೇಕು. ಆದರೆ ಇದೇ ಮೆಲಟೋನಿನ್ ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುತ್ತದೆ. 2022ರಲ್ಲಿ ಸ್ಪೇನ್‌ನ 845 ಜನರ ಮೇಲೆ ನಡೆದ ಅಧ್ಯಯನದಲ್ಲಿ ಅದೇ ಪ್ರಮಾಣದ ಸಕ್ಕರೆ ನೀರನ್ನು ಒಂದು ಸಲ ಮಲಗುವ ನಾಲ್ಕು ಗಂಟೆ ಮೊದಲು, ಇನ್ನೊಂದು ಸಲ ಒಂದು ಗಂಟೆ ಮೊದಲು ಕುಡಿಸಿ ನೋಡಿದರು. ತಡವಾಗಿ ಕುಡಿದ ದಿನ ಇನ್ಸುಲಿನ್ ಕಡಿಮೆ ಬಂತು, ಶುಗರ್ ಜಾಸ್ತಿ ಏರಿತು.

2020ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ 20 ಜನರಿಗೆ ಒಂದು ದಿನ ಸಂಜೆ ಆರಕ್ಕೆ, ಇನ್ನೊಂದು ದಿನ ರಾತ್ರಿ ಹತ್ತಕ್ಕೆ ಒಂದೇ ಊಟ ಬಡಿಸಿ, ಎರಡೂ ದಿನ ಹನ್ನೊಂದಕ್ಕೆ ಮಲಗಿಸಿದರು. ತಡ ಊಟದ ದಿನ ಶುಗರ್‌ನ ಗರಿಷ್ಠ ಮಟ್ಟ ಸುಮಾರು 18% ಜಾಸ್ತಿ, ಕರಗಿದ ಕೊಬ್ಬು ಸುಮಾರು 10% ಕಡಿಮೆ. ಬೇಗ ಮಲಗುವ ಅಭ್ಯಾಸ ಇದ್ದವರಿಗೇ ಏಟು ಜೋರಾಗಿ ಬಿತ್ತು. ಅಂದರೆ ಹನ್ನೊಂದಕ್ಕೆ ಮಲಗುವ ಮಗನ ಜೊತೆ ತಾನೂ ಹತ್ತಕ್ಕೆ ಊಟಕ್ಕೆ ಕೂರುವ, ದಿನಾ ಒಂಬತ್ತೂವರೆಗೆ ಮಲಗಿ ರೂಢಿಯಿರುವ ಅಜ್ಜನಿಗೆ ನಷ್ಟ ಜಾಸ್ತಿ.

ಇದೇ ಅಧ್ಯಯನದ ಇನ್ನೊಂದು ಮಾತನ್ನು ಹೆಚ್ಚಿನವರು ಹೇಳುವುದಿಲ್ಲ. ಆ 20 ಜನರ ನಿದ್ದೆಯ ಹಂತಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ "ತಡವಾಗಿ ಉಂಡರೆ ಎಲ್ಲರ ನಿದ್ದೆಯೂ ಕೆಡುತ್ತದೆ" ಅನ್ನುವುದು ಸ್ವಲ್ಪ ಉತ್ಪ್ರೇಕ್ಷೆ. ನಿದ್ದೆ ಕೆಡಿಸುವುದು ಹೆಚ್ಚಾಗಿ ಎದೆ ಉರಿ, ಉಬ್ಬಿದ ಹೊಟ್ಟೆ, ಮಧ್ಯರಾತ್ರಿ ಮೂತ್ರಕ್ಕೆ ಏಳುವುದು. ಇವು ಇರುವವರಿಗೆ ಬೇಗ ಊಟದ ಲಾಭ ಬೇಗ ಗೊತ್ತಾಗುತ್ತದೆ. ಇಲ್ಲದವರಿಗೆ ಶುಗರ್, ತೂಕದ ಲೆಕ್ಕದಲ್ಲಿ ನಿಧಾನವಾಗಿ ಗೊತ್ತಾಗುತ್ತದೆ.

ಎದೆ ಉರಿಯ ಲೆಕ್ಕ ಸುಲಭ. ಗಟ್ಟಿ ಊಟ ಅರ್ಧ ಕರುಳಿಗೆ ಇಳಿಯುವುದಕ್ಕೇ ಎರಡು ಗಂಟೆ ಹತ್ತಿರ ಬೇಕು. ಜಠರ ಹೆಚ್ಚುಕಡಿಮೆ ಖಾಲಿಯಾಗಲು ನಾಲ್ಕು ಗಂಟೆ. ಎಣ್ಣೆ ಜಾಸ್ತಿ ಇದ್ದರೆ ಇನ್ನೂ ತಡ. ಕೂತಿರುವಾಗ, ನಿಂತಿರುವಾಗ ಆಸಿಡ್ ಕೆಳಗೇ ಇರುತ್ತದೆ. ಮಲಗಿದರೆ ಅನ್ನನಾಳದ ಕಡೆ ಹರಿಯುವುದು ಸುಲಭ. 2005ರ ಒಂದು ಜಪಾನಿ ಅಧ್ಯಯನದಲ್ಲಿ, ಊಟಕ್ಕೂ ನಿದ್ದೆಗೂ ಮೂರು ಗಂಟೆಗಿಂತ ಕಡಿಮೆ ಅಂತರ ಇದ್ದವರಿಗೆ ಆಸಿಡ್ ರಿಫ್ಲಕ್ಸ್ ಇರುವ ಸಾಧ್ಯತೆ, ನಾಲ್ಕು ಗಂಟೆ ಬಿಟ್ಟವರಿಗಿಂತ ಏಳು ಪಟ್ಟು ಹೆಚ್ಚಿತ್ತು.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಏನೂ ಬದಲಿಸಬೇಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತಲ್ಲ, ಅದರಲ್ಲೇ ಬರೆಯಿರಿ. ಸಂಜೆ ತಿಂಡಿ ಎಷ್ಟು ಗಂಟೆಗೆ, ರಾತ್ರಿ ಊಟ ಮುಗಿದದ್ದು ಎಷ್ಟಕ್ಕೆ, ದೀಪ ಆರಿಸಿದ್ದು ಎಷ್ಟಕ್ಕೆ, ರಾತ್ರಿ ಎಷ್ಟು ಸಲ ಎಚ್ಚರ. ಇವುಗಳ ಜೊತೆ ಇನ್ನೊಂದು: ಕೊನೆಯದಾಗಿ ಬಾಯಿಗೆ ಹಾಕಿದ್ದು ಏನು, ಎಷ್ಟು ಗಂಟೆಗೆ.

ಈ ಕೊನೆಯ ಕಾಲಂ ತುಂಬುವಾಗಲೇ ಕಳ್ಳ ಸಿಗುತ್ತಾನೆ. ಎಂಟಕ್ಕೆ ಊಟ ಮುಗಿಸಿದೆ ಅಂದುಕೊಂಡಿರುತ್ತೀರಿ. ಒಂಬತ್ತೂ ಕಾಲಿಗೆ ಟಿವಿ ಮುಂದೆ ಎರಡು ಕೋಡುಬಳೆ, ಹತ್ತಕ್ಕೆ ಮಗು ಬಿಟ್ಟ ಅರ್ಧ ಬಾಳೆಹಣ್ಣು, ಫ್ರಿಜ್ ಬಾಗಿಲು ತೆಗೆದಾಗ ಒಂದು ತುಂಡು ಮೈಸೂರು ಪಾಕು. ಹೊಟ್ಟೆಯ ಲೆಕ್ಕದಲ್ಲಿ ಊಟ ಮುಗಿದದ್ದು ಹತ್ತಕ್ಕೆ. ಒಡಿಶಾ ಮೂಲದ ವಿಜ್ಞಾನಿ ಸಚ್ಚಿದಾನಂದ ಪಾಂಡಾ ಅವರ ತಂಡ 2015ರಲ್ಲಿ ಅಮೆರಿಕದಲ್ಲಿ ಜನರಿಂದ ತಿಂದದ್ದಕ್ಕೆಲ್ಲ ಫೋನ್‌ನಲ್ಲಿ ಫೋಟೋ ತೆಗೆಸಿತ್ತು. ಅರ್ಧದಷ್ಟು ಜನ ದಿನದ 24 ಗಂಟೆಯಲ್ಲಿ ಸುಮಾರು 15 ಗಂಟೆಯೋ ಅದಕ್ಕಿಂತ ಹೆಚ್ಚೋ ಹೊತ್ತು ಏನಾದರೂ ತಿನ್ನುತ್ತಲೇ ಇದ್ದರು. ನಮ್ಮ ಬೆಳಗಿನ ಆರರ ಕಾಫಿಯಿಂದ ರಾತ್ರಿಯ ಹಾಲಿನ ತನಕ ಎಣಿಸಿ ನೋಡಿ.

ಹೆಜ್ಜೆ 2: ಮಲಗುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ

"ಏಳು ಗಂಟೆಗೆ ಊಟ" ಅನ್ನುವ ನಿಯಮ ಎಲ್ಲರಿಗೂ ಹೊಂದುವುದಿಲ್ಲ. ನೀವು ನಿಜವಾಗಿ ಮಲಗುವ ಹೊತ್ತು ತೆಗೆದುಕೊಳ್ಳಿ, ಅಲ್ಲಿಂದ ಮೂರು ಗಂಟೆ ಹಿಂದೆ ಹೋಗಿ. ಹತ್ತೂವರೆಗೆ ಮಲಗುವವರಿಗೆ ಏಳೂವರೆ. ಹನ್ನೊಂದಕ್ಕಾದರೆ ಎಂಟು. ಆ ಹೊತ್ತಿಗೆ ಊಟ ಮುಗಿದಿರಬೇಕು, ಶುರುವಾಗುವುದಲ್ಲ. ಮೂರು ಗಂಟೆ ಆಗದ ದಿನ ಎರಡಾದರೂ ಇರಲಿ.

"ಹಾಗಾದರೆ ಹತ್ತಕ್ಕೆ ಉಂಡು ಒಂದಕ್ಕೆ ಮಲಗಿದರಾಯಿತು" ಅಂತ ಲೆಕ್ಕ ಹಾಕುವವರಿಗೆ: ಅದು ನಿದ್ದೆಯನ್ನೇ ಕದಿಯುವ ಉಪಾಯ. ಫ್ರಾನ್ಸ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ 2023ರ ಅಧ್ಯಯನದಲ್ಲಿ, ರಾತ್ರಿ ಒಂಬತ್ತರ ನಂತರ ಕೊನೆಯ ಊಟ ಮಾಡುವವರಲ್ಲಿ ಸ್ಟ್ರೋಕ್‌ನಂಥ ಮೆದುಳಿನ ರಕ್ತನಾಳದ ತೊಂದರೆ, ಎಂಟರ ಒಳಗೆ ಮುಗಿಸುವವರಿಗಿಂತ 28% ಹೆಚ್ಚು ಕಂಡಿತು. ತಡ ಊಟದಿಂದಲೇ ಹಾಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೂ ಒಂಬತ್ತು ಗಂಟೆಯನ್ನು ಗಡಿ ಅಂತ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಈಗ ಒಂಬತ್ತೂವರೆಗೆ ಊಟ ಇದ್ದರೆ ಒಮ್ಮೆಲೇ ಏಳೂವರೆಗೆ ಹಾರಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದೆ ತನ್ನಿ. ಹಸಿವೂ ಜೊತೆಗೆ ಸರಿಯುತ್ತದೆ.

ಹೆಜ್ಜೆ 3: ಸಂಜೆ ತಿಂಡಿಯನ್ನು ಹಿಡಿಯಿರಿ

ಇಡೀ ವಿಷಯದ ಕೀಲಿ ಇಲ್ಲಿದೆ. ಎರಡು ಥರದ ಸಂಜೆಗಳು ರಾತ್ರಿ ಊಟವನ್ನು ಹಾಳು ಮಾಡುತ್ತವೆ.

ಒಂದು, ಖಾಲಿ ಸಂಜೆ. ಮಧ್ಯಾಹ್ನ ಒಂದಕ್ಕೆ ಡಬ್ಬಿ ಊಟ, ಆಮೇಲೆ ಬರೀ ಕಾಫಿ ಟೀ. ಒಂಬತ್ತಕ್ಕೆ ಮನೆಗೆ ಬಂದಾಗ ಎಂಟು ಗಂಟೆಯ ಹಸಿವು. ಆಗ ಮೂರು ಚಪಾತಿಯ ಜಾಗದಲ್ಲಿ ಆರು ಹೋಗುತ್ತವೆ, ಮೇಲೆ ಅನ್ನ.

ಇನ್ನೊಂದು, ಬಜ್ಜಿ ಸಂಜೆ. ಆರೂವರೆಗೆ ರಸ್ತೆ ಬದಿಯ ಮೆಣಸಿನಕಾಯಿ ಬಜ್ಜಿ, ಮಸಾಲಪುರಿ, ಬೇಕರಿ ಪಫ್ಸ್. ಎಣ್ಣೆ ತಿಂಡಿ ಹೊಟ್ಟೆಯಲ್ಲಿ ಕೂತೇ ಇರುತ್ತದೆ. ಹತ್ತರ ತನಕ ಹಸಿವಿಲ್ಲ. "ಏನೂ ತಿನ್ನದೆ ಮಲಗಬಾರದು" ಅಂತ ಅಮ್ಮ ಬಡಿಸುತ್ತಾರೆ, ನೀವು ತಿನ್ನುತ್ತೀರಿ.

ಮದ್ದು ಎರಡಕ್ಕೂ ಒಂದೇ. ನಾಲ್ಕೂವರೆಯಿಂದ ಐದೂವರೆ ಒಳಗೆ, ಒಂದು ಹಿಡಿ ಅಳತೆಯಲ್ಲಿ, ಪ್ರೊಟೀನ್ ಇರುವ ತಿಂಡಿ. ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸ್ಲಿ, ಒಂದು ಬೇಯಿಸಿದ ಮೊಟ್ಟೆ, ಜೊತೆಗೆ ಒಂದು ಸೀಬೆಕಾಯಿ. ಆಫೀಸಿನವರು ಹುರಿಗಡಲೆಯ ಒಂದು ಡಬ್ಬಿಯನ್ನು ಡ್ರಾಯರ್‌ನಲ್ಲಿ ಇಟ್ಟುಕೊಳ್ಳಬಹುದು. ಹೀಗೆ ಮಾಡಿದರೆ ಏಳೂವರೆ ಹೊತ್ತಿಗೆ ಹಸಿವು ಇರುತ್ತದೆ, ಆದರೆ ಹಪಾಹಪಿ ಇರುವುದಿಲ್ಲ.

ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ತಿಂಡಿಯನ್ನೇ ಊಟ ಮಾಡಿಬಿಡಿ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಶನಿವಾರ ರಾತ್ರಿ ಅನ್ನ ಇಲ್ಲ, ಫಲಾಹಾರ. ಉಪ್ಪಿಟ್ಟೋ ಅವಲಕ್ಕಿಯೋ ದೋಸೆಯೋ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ತಿಂದು ಕೈ ತೊಳೆಯುವುದು. ಅದನ್ನೇ ವಾರದಲ್ಲಿ ಮೂರು ನಾಲ್ಕು ದಿನ ಮಾಡಿ. ಏಳು ಗಂಟೆಗೆ ಎರಡು ಅಕ್ಕಿ ರೊಟ್ಟಿ, ಹುರುಳಿಕಾಯಿ ಪಲ್ಯ, ಒಂದು ಲೋಟ ಮಜ್ಜಿಗೆ. ಅದೇ ಕೊನೆ. ಒಂಬತ್ತಕ್ಕೆ ಮತ್ತೆ ಅನ್ನ ಸಾರು ಬೇಡ. ನಮ್ಮಲ್ಲಿ ತೊಂದರೆ ಆಗುವುದು ತಿಂಡಿಯೂ ಆಗಿ ಊಟವೂ ಆಗುವುದರಿಂದಲೇ ಅಲ್ವಾ?

ಕಾಫಿಯ ವಿಷಯ: ಕುಡಿದ ಕೆಫೀನ್ ಅರ್ಧ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ನಾಲ್ಕಕ್ಕೇ ಕೊನೆಯ ಲೋಟ ಕುಡಿದುಬಿಡಿ.

ಹೆಜ್ಜೆ 4: ಅಡುಗೆಮನೆಯ ವೇಳಾಪಟ್ಟಿ

ಮನೆಯಲ್ಲಿ ಎಲ್ಲರಿಗಿಂತ ತಡವಾಗಿ ಉಣ್ಣುವುದು ಯಾರು? ಅಡುಗೆ ಮಾಡಿದವರು. ಒಂಬತ್ತಕ್ಕೆ ಗಂಡ, ಮಕ್ಕಳು ಕೂರುತ್ತಾರೆ. ಬಿಸಿಬಿಸಿಯಾಗಿ ಒಂದೊಂದೇ ಚಪಾತಿ ಹಂಚಿನಿಂದ ತಟ್ಟೆಗೆ ಬೀಳಬೇಕು. ಕೊನೆಯವನದು ಮುಗಿಯುವಷ್ಟರಲ್ಲಿ ಒಂಬತ್ತೂಮುಕ್ಕಾಲು. ಆಮೇಲೆ ಆಕೆ ಮಿಕ್ಕ ಎರಡು ಚಪಾತಿ, ಪಾತ್ರೆ ಖಾಲಿಯಾಗಲಿ ಅಂತ ತಳದ ಅನ್ನ, ಅದಕ್ಕೆ ತಣ್ಣಗಾದ ಸಾರು ಹಾಕಿಕೊಂಡು ನಿಂತೇ ತಿನ್ನುತ್ತಾಳೆ. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಹತ್ತೂವರೆಗೆ ಮಲಗುತ್ತಾಳೆ. "ನಂಗೆ ಯಾಕೋ ಗ್ಯಾಸ್ಟ್ರಿಕ್ಕು ಕಣ್ರೀ" ಅನ್ನುವುದು ಆಕೆಯೇ. ಮನೆಮಂದಿಯ ಊಟದ ಹೊತ್ತು ಬದಲಿಸಿ ಆಕೆಯದನ್ನು ಬಿಟ್ಟರೆ ಪ್ರಯೋಜನ ಇಲ್ಲ.

ಹೀಗೆ ಮಾಡಿ. ಬೆಳಿಗ್ಗೆ ಕುಕ್ಕರ್ ಇಡುವಾಗಲೇ ಸಂಜೆಗೂ ಬೇಳೆ ಬೇಯಿಸಿ ಫ್ರಿಜ್‌ಗೆ ಹಾಕಿ. ತರಕಾರಿಯನ್ನು ಹಿಂದಿನ ದಿನ ಟಿವಿ ನೋಡುತ್ತಾ ಯಾರಾದರೂ ಹೆಚ್ಚಿಡಲಿ. ಸಾರು ಮೊದಲೇ ಆಗಿದ್ದರೆ ಮುದ್ದೆ ತಿರುವಲು ಕಾಲು ಗಂಟೆ ಸಾಕು. ಚಪಾತಿಗಳನ್ನೆಲ್ಲ ಮೊದಲೇ ಬೇಯಿಸಿ ಬಟ್ಟೆ ಹಾಸಿದ ಹಾಟ್‌ಬಾಕ್ಸ್‌ನಲ್ಲಿಡಿ, ಎಲ್ಲರೂ ಒಟ್ಟಿಗೆ ಕೂತುಬಿಡಿ. ತಡವಾಗಿ ಬರುವವರು ತಾವೇ ಬಡಿಸಿಕೊಂಡು, ತಟ್ಟೆ ತೊಳೆದಿಡಲಿ. ಅವರಿಗಾಗಿ ಕಾದು ಉಪವಾಸ ಕೂರುವುದು ಪ್ರೀತಿಯೇ ಇರಬಹುದು, ಹೊಟ್ಟೆಗೆ ಅದು ಗೊತ್ತಾಗುವುದಿಲ್ಲ.

ಇಡೀ ಮನೆ ಒಟ್ಟಿಗೆ ಬದಲಾದರೆ ಇದು ಎಷ್ಟು ಸಲೀಸು ಅನ್ನುವುದಕ್ಕೆ ನಮ್ಮ ಜೈನ ಮನೆಗಳನ್ನು ನೋಡಿ. ಶ್ರವಣಬೆಳಗೊಳ, ಮೂಡುಬಿದಿರೆಯ ಕಡೆ ಇರಲಿ, ಬೆಳಗಾವಿ ಕಡೆ ಇರಲಿ, ವ್ರತ ಪಾಲಿಸುವ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿದಿರುತ್ತದೆ. ಅವರ ಕಾರಣ ಅಹಿಂಸೆ, ಆರೋಗ್ಯವಲ್ಲ. ಆದರೆ ಆರೂವರೆಗೆ ಅಡುಗೆಮನೆಯೇ ಮುಚ್ಚಿರುವುದರಿಂದ ಅಲ್ಲಿ ಯಾರೊಬ್ಬರೂ ಹಟ ಹಿಡಿದು ಕೂರಬೇಕಾಗಿಲ್ಲ.

ಹೆಜ್ಜೆ 5: ತಟ್ಟೆಯಲ್ಲಿ ಏನು, ಎಷ್ಟು

ಭಾರದ ಊಟ ಮಧ್ಯಾಹ್ನಕ್ಕೆ ಹೋಗಲಿ. ಬಿರಿಯಾನಿ, ಪೂರಿ ಸಾಗು, ಹೋಳಿಗೆ ಏನಿದ್ದರೂ ಹಗಲಲ್ಲಿ. ರಾತ್ರಿ ಎಣ್ಣೆ, ಖಾರ, ಪ್ರಮಾಣ ಮೂರೂ ತಗ್ಗಲಿ.

"ರಾತ್ರಿ ಅನ್ನ ಬಿಟ್ಟು ಚಪಾತಿ ತಿಂತೀನಿ" ಅನ್ನುವವರು ಬಹಳ. ಐದು ಚಪಾತಿ ತಿಂದರೆ ಅನ್ನ ಬಿಟ್ಟ ಲಾಭ ಅಲ್ಲೇ ಹೋಯಿತು. ಮುದ್ದೆ ರಾತ್ರಿ ಬೇಡ ಅನ್ನುವುದೂ ಅಷ್ಟೇ. ಚಿಕ್ಕ ಮುದ್ದೆ, ತುಂಬಾ ಸೊಪ್ಪಿನ ಸಾರು ಏಳೂವರೆಗೆ ಉಂಡರೆ ಏನೂ ತೊಂದರೆ ಇಲ್ಲ. ಅರ್ಧ ತಟ್ಟೆ ತರಕಾರಿ, ಕಾಳು ಅಥವಾ ಮೀನು ಮೊಟ್ಟೆ ಒಂದು ಪಾಲು, ಅನ್ನ ರೊಟ್ಟಿ ಮುದ್ದೆಯಲ್ಲಿ ಯಾವುದಾದರೂ ಒಂದು ಪಾಲು. ಮೊಸರು ನಿಮಗೆ ಒಗ್ಗಿದರೆ ತಿನ್ನಿ.

ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವ ಹಿರಿಯರು ಮಲಗುವ ಎರಡು ಗಂಟೆ ಮೊದಲಿನಿಂದ ನೀರು, ಮಜ್ಜಿಗೆ, ಸಾರು ಕಡಿಮೆ ಮಾಡಲಿ. ಆ ನೀರನ್ನು ಹಗಲಲ್ಲಿ ಕುಡಿದುಕೊಳ್ಳಲಿ. ಇನ್ನು ಮದ್ಯ: ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರ ಜಾಸ್ತಿ. ಆಸಿಡ್ ಮೇಲೆ ಬರದಂತೆ ತಡೆಯುವ ಸ್ನಾಯುವನ್ನೂ ಅದು ಸಡಿಲ ಮಾಡುತ್ತದೆ.

ಹೆಜ್ಜೆ 6: ಊಟದ ನಂತರದ ಮೂರು ಗಂಟೆ

ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯಿರಿ. ಊಟದ ಮೇಲೆ ನೂರು ಹೆಜ್ಜೆ ಅಂತ ಹಿರಿಯರು ಹೇಳುತ್ತಿದ್ದದ್ದು ಶುಗರ್ ಲೆಕ್ಕದಲ್ಲೂ ಸರಿ. ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮಳೆ ಇದ್ದರೆ ಮನೆಯೊಳಗೇ ಓಡಾಡಿ, ಪಾತ್ರೆ ತೊಳೆಯಿರಿ.

ದಿವಾನ್ ಮೇಲೆ ಒರಗಿ ಟಿವಿ ನೋಡುವುದು ಹೊಟ್ಟೆಯ ಪಾಲಿಗೆ ಮಲಗಿದ ಹಾಗೇ. ನೆಟ್ಟಗೆ ಕೂರಿ. ಊಟವಾದ ಅರ್ಧ ಗಂಟೆಗೆ ಹಲ್ಲು ಉಜ್ಜಿಬಿಡಿ. ಪೇಸ್ಟಿನ ರುಚಿ ಬಾಯಲ್ಲಿದ್ದರೆ ಕೋಡುಬಳೆ ಡಬ್ಬಕ್ಕೆ ಕೈ ಹೋಗುವುದು ಕಡಿಮೆ. ಚಿಕ್ಕ ಉಪಾಯ, ಆದರೆ ಇದರಷ್ಟು ಕೆಲಸ ಮಾಡುವುದು ಬೇರೊಂದಿಲ್ಲ.

ಎದೆ ಉರಿ ಇರುವವರು ಎಡಗಡೆ ಮಗ್ಗುಲಲ್ಲಿ ಮಲಗಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಮರದ ತುಂಡು ಇಡಿ, ಅಲ್ಲಾಡದ ಹಾಗೆ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಕುತ್ತಿಗೆ, ಸೊಂಟ ಬಗ್ಗಿ ಹೊಟ್ಟೆ ಒತ್ತುತ್ತದೆ, ಉರಿ ಹೆಚ್ಚಾಗಬಹುದು.

ತಡವಾಗುವ ದಿನಗಳಿಗೆ

ಒಂಬತ್ತಕ್ಕೇ ಮನೆ ಸೇರುವ ಕೆಲಸವಾದರೆ ಊಟವನ್ನು ಎರಡು ಭಾಗ ಮಾಡಿ. ಬೆಳಿಗ್ಗೆ ಎರಡು ಡಬ್ಬಿ ಒಯ್ಯಿರಿ. ಎರಡನೆಯದನ್ನು ಆರೂವರೆ ಏಳರ ಹೊತ್ತಿಗೆ ಆಫೀಸಿನಲ್ಲೇ ಮುಗಿಸಿ, ಅದೇ ನಿಮ್ಮ ರಾತ್ರಿ ಊಟ. ಮನೆಗೆ ಬಂದ ಮೇಲೆ ಹಸಿವಿದ್ದರೆ ಒಂದು ಲೋಟ ಹಾಲು ಅಥವಾ ಬಾಳೆಹಣ್ಣು. ಹಸಿದ ಹೊಟ್ಟೆಯಲ್ಲಿ ಹೊರಳಾಡುವುದೂ ನಿದ್ದೆಗೆ ಒಳ್ಳೆಯದಲ್ಲ, ಚಿಕ್ಕದೊಂದು ತಿಂದರೆ ಪ್ರಪಂಚ ಮುಳುಗುವುದಿಲ್ಲ.

ನೈಟ್ ಶಿಫ್ಟ್‌ನವರು ಕೆಲಸಕ್ಕೆ ಹೊರಡುವ ಮೊದಲೇ ಮುಖ್ಯ ಊಟ ಮುಗಿಸಲಿ. 2021ರ ಒಂದು ಪ್ರಯೋಗದಲ್ಲಿ 19 ಜನರಿಗೆ ನೈಟ್ ಶಿಫ್ಟ್‌ನಂಥ ದಿನಚರಿ ಕೊಟ್ಟರು. ರಾತ್ರಿಯೂ ಉಂಡವರ ಸರಾಸರಿ ಶುಗರ್ 6.4% ಏರಿತು. ಹಗಲಲ್ಲಿ ಮಾತ್ರ ಉಂಡವರದು ಏರಲಿಲ್ಲ. ಪೂರ್ತಿ ಉಪವಾಸ ಇರಲು ಆಗದಿದ್ದರೆ ಮಧ್ಯರಾತ್ರಿಯ ಕ್ಯಾಂಟೀನ್ ಬಿರಿಯಾನಿಯ ಬದಲು ಹುರಿಗಡಲೆ, ಹಣ್ಣು ಸಾಕು.

ಮದುವೆ ರಿಸೆಪ್ಷನ್ ಇದ್ದ ದಿನ? ಫೋಟೋಗೆ ಸಾಲು ನಿಲ್ಲುವ ಮೊದಲು ಊಟದ ಮೊದಲ ಪಂಕ್ತಿಗೆ ಹೋಗಿ ಕೂರಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಯಾರು ಮೊದಲು ಡಾಕ್ಟರನ್ನು ಕೇಳಬೇಕು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹ ಇರುವವರ ಲೆಕ್ಕ 10.1 ಕೋಟಿ ಅಂದಿತು. ಹಾಗಾಗಿ ಓದುವವರಲ್ಲಿ ಹಲವರಿಗೆ ಈ ಎಚ್ಚರಿಕೆ ಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್‌ನಂಥ ಶುಗರ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಊಟದ ಹೊತ್ತು ಬದಲಿಸಬಾರದು. ಊಟ ಹಿಂದೆ ಸರಿದು ಔಷಧಿ ಅಲ್ಲೇ ಉಳಿದರೆ ರಾತ್ರಿ ಶುಗರ್ ಕುಸಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಕೆಟ್ಟ ಕನಸು, ಬೆಳಿಗ್ಗೆ ತಲೆನೋವು ಇದರ ಗುರುತು. ಗರ್ಭಿಣಿಯರು, ಬೆಳೆಯುವ ಮಕ್ಕಳು, ತೂಕ ಕಡಿಮೆ ಇರುವ ಹಿರಿಯರು ಉದ್ದ ಉಪವಾಸಕ್ಕೆ ಕೈ ಹಾಕಬೇಡಿ. ಅವರಿಗೆ ಬೇಗ ಊಟ, ಮಲಗುವ ಮುಂಚೆ ಚಿಕ್ಕದೊಂದು ತಿಂಡಿ ಸರಿ ಹೋಗುತ್ತದೆ.

ಹೆಜ್ಜೆಗಳನ್ನೆಲ್ಲ ಮಾಡಿಯೂ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಎದೆ ಉರಿ ಬಂದರೆ, ನುಂಗುವಾಗ ಸಿಕ್ಕಿಕೊಂಡ ಹಾಗಾದರೆ, ಮಲ ಕಪ್ಪಗಾದರೆ, ಕಾರಣ ಇಲ್ಲದೆ ತೂಕ ಇಳಿದರೆ ಮೆಡಿಕಲ್ ಸ್ಟೋರ್‌ನ ಮಾತ್ರೆಯಲ್ಲಿ ಕಾಲ ಕಳೆಯಬೇಡಿ, ತೋರಿಸಿ. ಜೋರು ಗೊರಕೆ, ಹಗಲಿಡೀ ತೂಕಡಿಕೆ ಇದ್ದರೆ ಅದು ಊಟದ ಹೊತ್ತಿನಿಂದ ಸರಿಹೋಗುವ ವಿಷಯವಲ್ಲ, ಅದರ ಪರೀಕ್ಷೆಯೇ ಬೇರೆ. ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.